ಪಂಜೆ ಮಂಗೇಶರಾಯರು: ಹಾಡಿನ ಮೂಲಕ ನುಡಿ ಕಲಿಸಿದ ಉಪಾಧ್ಯಾಯರು



ಮೇಲಿನ ತರಗತಿಗಳ ಕನ್ನಡ ಪಾಠದ ವೇಳೆಯಲ್ಲಿ ಹಾಡಿನ ಧ್ವನಿ ಕೇಳಿಬರುವುದೇತಕ್ಕೆಂದು ಪೋಷಕರಲ್ಲಿ ಕೆಲವರು ನನ್ನನ್ನು ವಿಚಾರಿಸಿರುವರು. ಎಳೆಯ ಮಕ್ಕಳು ಹಾಡಿ ನಲಿಯುವುದು ಸಹಜ. ಆದರೆ ಹದಿನಾಲ್ಕು ಹದಿನೈದು ವರ್ಷದ ಹುಡುಗಿಯರು, ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯನ್ನು ಎದುರಿಗಿಟ್ಟುಕೊಂಡು, ಪಾಠದ ಹೊತ್ತನ್ನು ಹಾಡಿನಲ್ಲಿ ಕಳೆಯಬಹುದೆ ಎಂಬುದು ಅವರ ಶಂಕೆ. ಮಗಳ ಏಳಿಗೆಯನ್ನು ಬಯಸುವವರು ಕೇಳತಕ್ಕ ಪ್ರಶ್ನೆಯೇ ಇದು. ಇದಕ್ಕೆ ವಾದದ ರೂಪದಲ್ಲಿ ಉತ್ತರ ಕೊಡುವುದಕ್ಕಿಂತ ಒಬ್ಬ ಉಪಾಧ್ಯಾಯರ ಜೀವನವನ್ನು ತಮ್ಮ ಮುಂದಿಡುವುದು ಮೇಲೆಂದು ತೋರಿತು. ಅವರು ಗತಿಸಿ ಎಂಬತ್ತು ವರ್ಷಗಳ ಮೇಲಾದುವು. ಆದರೂ ಅವರ ಹಾವಿನ ಹಾಡನ್ನು ಬಾಲ್ಯದಲ್ಲಿ ಕಲಿಯದೆ ಶಾಲೆ ಬಿಟ್ಟವರು ತಮ್ಮಲ್ಲಿ ವಿರಳ. ಅವರೇ ಪಂಜೆ ಮಂಗೇಶರಾಯರು.

ಮಂಗೇಶರಾಯರು ಹುಟ್ಟಿದುದು ೧೮೭೪ನೆಯ ಇಸವಿ ಫೆಬ್ರವರಿ ೨೨ರಂದು, ನೇತ್ರಾವತಿಯ ದಡದ ಬಂಟವಾಳದಲ್ಲಿ. ತಂದೆ ರಾಮಪ್ಪಯ್ಯನವರು, ತಾಯಿ ಸೀತಮ್ಮನವರು. ಮನೆಯ ಮಾತು ಕೊಂಕಣಿ. ಬಾಗಿಲು ದಾಟಿ ಬೀದಿಗೆ ಬಂದರೆ, ಹೊಲಗದ್ದೆಗಳಲ್ಲಿಯೂ ಸಂತೆಯಲ್ಲಿಯೂ ಕೇಳುವುದು ತುಳು. ಕನ್ನಡವು ಶಾಲೆಯ ಭಾಷೆ, ಪುಸ್ತಕದ ಭಾಷೆ, ಕಛೇರಿಯ ಭಾಷೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಕನ್ನಡದ ಮಕ್ಕಳಿಗೆಲ್ಲ ಹಾಡು ಕೊಟ್ಟ ಮಹನೀಯರಿಗೆ ಕನ್ನಡವು ತೊಟ್ಟಿಲಿನಲ್ಲಿ ದೊರೆತ ನುಡಿಯಾಗಿರಲಿಲ್ಲ. ಬಾಯಿಗೆ ಬಂದ ಮಾತು ಒಂದು, ಹಲಗೆಯ ಮೇಲೆ ಬರೆಯಬೇಕಾದ ಮಾತು ಇನ್ನೊಂದು ಆದಾಗ ಮಗುವಿನ ಮನಸ್ಸು ಹೇಗೆ ತಡವರಿಸುವುದೆಂಬುದು ಅವರ ಕಣ್ಣೆದುರಿಗೇ ಇದ್ದ ವಿಷಯ.

ಬಂಟವಾಳದಲ್ಲಿ ಮೊದಲ ವಿದ್ಯಾಭ್ಯಾಸ ಮುಗಿಸಿ ಅವರು ಮಂಗಳೂರಿಗೆ ಬಂದರು. ಆ ಕಾಲದ ಮಂಗಳೂರು ಕನ್ನಡ ಮುದ್ರಣಕ್ಕೆ ಹೆಸರಾದ ಊರು. ೧೮೩೪ರಲ್ಲಿ ಅಲ್ಲಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ೧೮೪೧ರಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದ್ದರು. ಅವರಲ್ಲಿ ಹರ್ಮನ್ ಮೋಗ್ಲಿಂಗರು ೧೮೪೩ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದರು. ೧೮೫೦ರಲ್ಲಿ, ಜನರ ನಾಲಿಗೆಯ ಮೇಲಿದ್ದ ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ಪರದೇಶದಿಂದ ಬಂದ ಪಂಡಿತನು ಈ ನಾಡಿನ ನುಡಿಯನ್ನು ಅರಿಯಲು ಜನರು ಹಾಡುವ ಹಾಡುಗಳಿಗೆ ಕಿವಿಗೊಟ್ಟನೆಂಬುದು ಉಪಾಧ್ಯಾಯರಿಗೆ ಪಾಠವಾಗತಕ್ಕ ಸಂಗತಿ. ಕಿಟ್ಟೆಲರ ಮಹಾ ನಿಘಂಟು ೧೮೯೪ರಲ್ಲಿ ಇದೇ ಊರಿನಲ್ಲಿ ಹೊರಬಂದಾಗ ಮಂಗೇಶರಾಯರು ಇಪ್ಪತ್ತು ವರ್ಷದ ತರುಣರು.

ಮಂಗೇಶರಾಯರು ಮಂಗಳೂರಿನ ಸರಕಾರೀ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು; ಬಿ.ಎ. ಪದವಿಯನ್ನೂ ಉಪಾಧ್ಯಾಯರಿಗೆ ಬೇಕಾದ ಎಲ್‌.ಟಿ. ಪದವಿಯನ್ನೂ ಪಡೆದರು. ಮುಂದೆ ಮಹಾಕವಿಗಳೆನಿಸಿದ ಮಂಜೇಶ್ವರದ ಗೋವಿಂದ ಪೈಗಳು ವಿದ್ಯಾರ್ಥಿದೆಸೆಯಲ್ಲಿ ಅವರಿಂದ ಪಾಠ ಹೇಳಿಸಿಕೊಂಡವರು. ೧೯೦೦ರ ಸುಮಾರಿಗೆ ಮಂಗಳೂರಿನ ಸುವಾಸಿನಿ ಎಂಬ ಪತ್ರಿಕೆಯಲ್ಲಿ ರಾಯರು ಬರೆದ ಕತೆಗಳು ಕನ್ನಡದ ಸಣ್ಣ ಕತೆಗಳಲ್ಲಿ ಮೊದಮೊದಲಿನವೆಂದು ಎಣಿಕೆಗೊಂಡಿವೆ. ಪದ್ಯಗಳಿಗೆ ಅವರು ಹಾಕಿಕೊಂಡ ಹೆಸರು ಕವಿಶಿಷ್ಯ. ಪಾಠ ಹೇಳುವ ಗುರುವು ತನ್ನನ್ನು ಶಿಷ್ಯನೆಂದೇ ಕರೆದುಕೊಂಡ ವಿನಯ ಇದರಲ್ಲಿದೆ.

ಬಳಿಕ ಅವರು ಶಾಲೆಗಳ ಇನ್‌ಸ್ಪೆಕ್ಟರರಾಗಿ ದಕ್ಷಿಣ ಕನ್ನಡ ಜಿಲ್ಲೆಯನ್ನು ಸುತ್ತಿದರು. ಇನ್‌ಸ್ಪೆಕ್ಟರರು ಬರುವರೆಂದರೆ ಉಪಾಧ್ಯಾಯರ ಕೈಕಾಲು ನಡುಗಿ, ಮಕ್ಕಳು ಬೆಂಚಿನ ಹಿಂದೆ ಅವಿತುಕೊಳ್ಳುತ್ತಿದ್ದ ಕಾಲವದು. ಮಂಗೇಶರಾಯರಾದರೋ ಮಕ್ಕಳ ನಡುವೆ ನಿಂತು ಕತೆ ಹೇಳುವುದಕ್ಕೂ ಹಾಡುವುದಕ್ಕೂ ಹೆಸರಾದ ಅಧಿಕಾರಿಗಳು. ಪರೀಕ್ಷಿಸಲು ಬಂದವರೇ ಹಾಡತೊಡಗಿದರೆ ಮಗುವಿಗೆ ಭಯವೆಲ್ಲಿಯದು? ಭಯವು ಹೋದ ಬಾಯಿಗೆ ಮಾತು ತಾನಾಗಿ ಬರುವುದು.

ಆಗ ಶಾಲೆಗಳಲ್ಲಿದ್ದ ಪದ್ಯಗಳು ಬಹುಮಟ್ಟಿಗೆ ಹಳೆಯ ಕಾವ್ಯಗಳಿಂದ ಆರಿಸಿದ ಭಾಗಗಳು. ಇಲ್ಲವೆ ನೀತಿಯ ಪದ್ಯಗಳು. ಮಕ್ಕಳು ಅವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಅರ್ಥವು ಉಪಾಧ್ಯಾಯರಲ್ಲಿಯೇ ಉಳಿಯುತ್ತಿತ್ತು. ಮಂಗೇಶರಾಯರು ಮಗುವಿನ ಕಣ್ಣಿಗೆ ಬೀಳುವ ವಸ್ತುಗಳನ್ನೇ ಹಾಡಿಗೆ ತಂದರು: ಮೂಡುವ ಸೂರ್ಯ, ಸಂಜೆಯ ಹೊತ್ತು, ಹೆಡೆಯೆತ್ತಿದ ನಾಗರ, ಕಡಲ ಕರೆಯನ್ನು ನಡುಗಿಸುವ ತೆಂಕಣ ಗಾಳಿ. ಪದಗಳು ಸಣ್ಣವು, ಪ್ರಾಸವು ಕಿವಿಗೆ ಇಂಪು, ನಡೆಯು ಕುಣಿತಕ್ಕೆ ಒಪ್ಪುವಂಥದು. ಇಂಗ್ಲಿಷ್ ಬಲ್ಲವರಾದುದರಿಂದ ಅಲ್ಲಿಯ ಮಕ್ಕಳ ಸಾಹಿತ್ಯವನ್ನೂ ಅವರು ಬಳಸಿಕೊಂಡರು. ಬ್ರೌನಿಂಗ್ ಕವಿಯು ಪದ್ಯದಲ್ಲಿ ಹೇಳಿದ ಹ್ಯಾಮೆಲಿನ್ ಊರಿನ ಇಲಿಗಳ ಕತೆಯು ಅವರ ಕೈಯಲ್ಲಿ ಇಲಿಗಳ ತಕಥೈ ಆಯಿತು. ಪರದೇಶದ ಕತೆಯೆಂಬ ಗುರುತೇ ಉಳಿಯದಂತೆ ಅದು ಕನ್ನಡದ ಮನೆಯನ್ನು ಸೇರಿತು.

ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವೆಂಬ ಸಂಸ್ಥೆಯನ್ನು ಕಟ್ಟಿ ಮಕ್ಕಳ ಪುಸ್ತಕಗಳ ಪ್ರಕಟನೆಗೆ ಅವರು ದುಡಿದರು. ಬಾಸೆಲ್ ಮಿಷನ್ನಿನವರು ಪ್ರಕಟಿಸಿದ ಕನ್ನಡ ಪಾಠಪುಸ್ತಕಗಳಿಗೂ ಅವರ ಲೇಖನಿಯ ನೆರವು ದೊರಕಿತು. ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಬಿಡಬಾರದು. ಹಾಡು ಕಟ್ಟುವವರಿಗೆ ವ್ಯಾಕರಣವು ಬೇಡವೆಂದೂ, ವ್ಯಾಕರಣ ಬಲ್ಲವರಿಗೆ ಹಾಡು ಒಲಿಯದೆಂದೂ ಭಾವಿಸುವವರುಂಟು. ಮಂಗೇಶರಾಯರು ಕೇಶಿರಾಜನ ಶಬ್ದಮಣಿದರ್ಪಣವನ್ನು ಪರಿಷ್ಕರಿಸಿ ೧೯೨೦ರಲ್ಲಿ ಹೊರತಂದ ವಿದ್ವಾಂಸರು. ಹಳಗನ್ನಡದ ಸೂತ್ರಗಳನ್ನು ತಿದ್ದಿದ ಕೈಯೇ ಹಾವಿನ ಹಾಡನ್ನೂ ಬರೆಯಿತು. ಅವರ ಹಾಡುಗಳು ಸುಲಭವಾಗಿರುವುದು ತಿಳಿವಳಿಕೆಯ ಕೊರತೆಯಿಂದಲ್ಲ. ಭಾಷೆಯ ಬೇರನ್ನು ಬಲ್ಲವರು ಎಳೆಯರಿಗಾಗಿ ಆರಿಸಿಕೊಟ್ಟ ಸುಲಭತೆ ಅದು.

ಮುಂದೆ ಅವರು ಕೊಡಗಿಗೆ ಹೋಗಿ ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾದರು. ನಮ್ಮ ಈ ಲೇಖನಕ್ಕೆ ಅತ್ಯಂತ ಬೇಕಾದ ಅಧ್ಯಾಯವು ಇದೇ. ಮಡಿಕೇರಿಯ ವಿದ್ಯಾರ್ಥಿಗಳು ಎಳೆಯ ಕೂಸುಗಳಲ್ಲ, ಮೀಸೆ ಮೂಡುವ ವಯಸ್ಸಿನವರು. ಅವರಲ್ಲಿ ಅನೇಕರ ಮನೆಯ ಮಾತು ಕೊಡವ ಭಾಷೆ. ಕನ್ನಡವು ಅವರಿಗೆ, ಬಂಟವಾಳದ ಬಾಲಕನಿಗೆ ಇದ್ದಂತೆಯೇ, ಶಾಲೆಯಿಂದ ಬರುವ ಭಾಷೆ. ಈ ನಾಡಿನಲ್ಲಿದ್ದಾಗ ರಾಯರು ಹುತ್ತರಿ ಹಾಡನ್ನು ಬರೆದರು. ಹುತ್ತರಿಯೆಂದರೆ ಕೊಡಗಿನ ಸುಗ್ಗಿಯ ಹಬ್ಬ. ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿ ಹೊಸ ಭತ್ತದ ಮೊದಲ ಕದಿರನ್ನು ಕೊಯ್ದು ಮನೆ ತುಂಬಿಸಿಕೊಳ್ಳುವರು, ಕೋಲಾಟವಾಡುವರು. ರಾಯರು ಆ ಜನರ ಹಬ್ಬದ ಹೆಸರನ್ನೇ ಹಾಡಿಗಿಟ್ಟು, ಆ ಬೆಟ್ಟಗಳನ್ನೂ ಕಾವೇರಿಯನ್ನೂ ಆ ನಾಡಿನ ವೀರರನ್ನೂ ಕನ್ನಡದಲ್ಲಿ ಹೊಗಳಿದರು. ನಿಮ್ಮ ಮನೆಯ ಮಾತು ಕೀಳು, ಪುಸ್ತಕದ ಮಾತು ಮೇಲು ಎಂಬ ಭಾವನೆ ಅದರಲ್ಲಿ ಲೇಶವೂ ಇಲ್ಲ. ತಮ್ಮ ಮನೆಯಂಗಳವನ್ನೇ ಪುಸ್ತಕದ ಭಾಷೆಯಲ್ಲಿ ಕಂಡ ಹುಡುಗರಿಗೆ ಆ ಭಾಷೆಯೂ ತಮ್ಮದೇ ಆಯಿತು. ಇಂದಿಗೂ ಕೊಡಗಿನವರು ಆ ಹಾಡನ್ನು ತಮ್ಮ ನಾಡಗೀತೆಯೆಂಬಂತೆ ಹಾಡುತ್ತಿರುವರು.

ಈ ಹಾಡಿನ ಛಂದಸ್ಸನ್ನು ತರಗತಿಯಲ್ಲಿ ಅಳೆದು ನೋಡಿದರೆ ಮೂರು ಮಾತ್ರೆ ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುವುದು ಕಾಣುವುದು. ಕುಮಾರವ್ಯಾಸನು ಭಾರತವನ್ನು ಹಾಡಿದ ಭಾಮಿನೀ ಷಟ್ಪದಿಯ ನಡೆಯೂ ಇದೇ. ಷಟ್ಪದಿಯ ಲಕ್ಷಣವನ್ನು ಕಪ್ಪು ಹಲಗೆಯ ಮೇಲೆ ಲಘು ಗುರುಗಳ ಗುರುತು ಹಾಕಿ ವಿವರಿಸುವಾಗ ಹುಡುಗಿಯರ ಮುಖವು ಬಾಡುವುದು. ಮೊದಲು ಹುತ್ತರಿ ಹಾಡನ್ನು ಕೈತಾಳ ಹಾಕಿ ಹಾಡಿಸಿ, ಆ ಮೇಲೆ ಅದೇ ತಾಳಕ್ಕೆ ಕುಮಾರವ್ಯಾಸನ ಒಂದು ಪದ್ಯವನ್ನು ಓದಿಸಿದರೆ ಲಕ್ಷಣವು ಕೈಗೆ ತಿಳಿದು, ಅನಂತರ ತಲೆಗೆ ತಿಳಿಯುವುದು. ಹಾವಿನ ಹಾಡಾದರೋ ನಾಲ್ಕು ನಾಲ್ಕು ಮಾತ್ರೆಗಳ ನಡೆ. ಎರಡನ್ನೂ ಒಂದೇ ದಿನ ಹಾಡಿಸಿದರೆ ನಡೆಯ ಭೇದವನ್ನು ವಿವರಿಸುವ ಶ್ರಮವೇ ಉಪಾಧ್ಯಾಯಿನಿಗೆ ಉಳಿಯದು.

ಇಲ್ಲಿ ನನ್ನ ಒಂದು ತಪ್ಪನ್ನು ತಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ. ಇಪ್ಪತ್ತು ವರ್ಷಗಳ ಹಿಂದೆ, ತರಬೇತಿ ಮುಗಿಸಿ ಹೊಸದಾಗಿ ಪಾಠ ಹೇಳಲು ತೊಡಗಿದ್ದಾಗ, ನನ್ನ ತರಗತಿಯಲ್ಲಿ ಮಳವಳ್ಳಿ ಕಡೆಯ ಹಳ್ಳಿಯೊಂದರಿಂದ ಬಂದ ಹುಡುಗಿಯೊಬ್ಬಳಿದ್ದಳು. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳ ಹಳ್ಳಿಗಳಲ್ಲಿ ಹಕಾರವು ಮಾತಿನಲ್ಲಿ ಬಿದ್ದುಹೋಗುವುದು ತಮಗೆ ತಿಳಿದ ವಿಷಯ. ಹಾಲು ಆಲಾಗುವುದು, ಹಳ್ಳಿ ಅಳ್ಳಿಯಾಗುವುದು, ಹಾಡು ಆಡಾಗುವುದು. ಬರೆಯುವಾಗ ಅಂಜಿದ ಮಗು ಅಕ್ಕಿಗೂ ಹಕಾರವನ್ನು ಸೇರಿಸಿ ಹಕ್ಕಿಯೆಂದು ಬರೆಯುವುದು. ಆ ಹುಡುಗಿಯು ಹಾಡು ಎಂಬಲ್ಲಿ ಆಡು ಎಂದು ಓದಿದಳು. ತರಗತಿಯೆಲ್ಲ ನಕ್ಕಿತು. ನಗುವನ್ನು ನಿಲ್ಲಿಸಬೇಕಾದ ನಾನು ಆ ಪದವನ್ನು ಎಲ್ಲರೆದುರಿಗೆ ಹತ್ತು ಸಲ ಅವಳಿಂದ ಹೇಳಿಸಿದೆನು. ಮರುದಿನದಿಂದ ಅವಳು ಬಾಯಿ ತೆರೆಯಲಿಲ್ಲ. ಹೆಸರು ಕೂಗಿದರೆ ಎದ್ದು ನಿಲ್ಲುವಳು, ಪುಸ್ತಕವನ್ನು ಮುಖದ ಮುಂದೆ ಹಿಡಿಯುವಳು, ಧ್ವನಿ ಹೊರಡದು. ಪೂಜಾ ರಜೆಯು ಬರುವವರೆಗೂ ಹೀಗೆಯೇ ನಡೆಯಿತು. ತಿದ್ದುವ ಉತ್ಸಾಹದಲ್ಲಿ ಒಂದು ಮಗುವಿನ ನಾಲಿಗೆಯನ್ನೇ ಕಟ್ಟಿಹಾಕಿದೆನೆಂಬುದು ನನಗೆ ಅರಿವಾಗುವಷ್ಟರಲ್ಲಿ ಅರ್ಧ ವರ್ಷವು ಕಳೆದಿತ್ತು.

ರಜೆಯಲ್ಲಿ ನಾನು ಮಂಗೇಶರಾಯರ ಹಾಡುಗಳನ್ನು ತೆಗೆದು ಮತ್ತೊಮ್ಮೆ ಓದಿದೆನು. ಹಾವಿನ ಹಾಡಿನಲ್ಲಿ ಹಕಾರವು ಅಡಿಗಡಿಗೂ ಬರುವುದನ್ನು, ಬಾಲ್ಯದಿಂದ ಹಾಡುತ್ತ ಬಂದಿದ್ದರೂ, ಅಂದೇ ಗಮನಿಸಿದೆನು. ಶಾಲೆ ತೆರೆದ ಮೇಲೆ ಚಿಕ್ಕ ಮಕ್ಕಳ ಹಾಡೆಂದು ನಾಚದೆ ತರಗತಿಯವರೆಲ್ಲರೂ ಕೂಡಿ ಅದನ್ನು ಹಾಡುವಂತೆ ಮಾಡಿದೆನು. ನಲವತ್ತು ಧ್ವನಿಗಳ ನಡುವೆ ಒಬ್ಬಳ ಹಕಾರವು ಬಂದಿತೋ ಬಾರದೋ ಯಾರಿಗೂ ತಿಳಿಯದು, ನಗುವವರಿಲ್ಲ. ವಾರಗಳು ಕಳೆದಂತೆ ಅವಳ ತುಟಿಗಳು ಅಲುಗಿದುವು. ಆ ಮೇಲೆ ಧ್ವನಿಯೂ ಕೇಳಿಸಿತು. ಒಂದು ದಿನ, ಅವರವರ ಊರಿನಲ್ಲಿ ಕೇಳಿದ ಹಾಡನ್ನು ತರಗತಿಗೆ ತನ್ನಿರೆಂದು ಹೇಳಿದಾಗ, ಅವಳೇ ಎದ್ದು ನಿಂತು, ಬೊಪ್ಪೇಗೌಡನಪುರದ ಜಾತ್ರೆಯ ಕಡೆ ನೀಲಗಾರರು ಹಾಡುವ ಮಂಟೇಸ್ವಾಮಿ ಪದದ ಒಂದು ಭಾಗವನ್ನು ತಡೆಯಿಲ್ಲದೆ ಹಾಡಿದಳು. ಅದರ ಮಾತುಗಳಲ್ಲಿ ಹಕಾರವಿರಲಿಲ್ಲ. ನಾನು ತಿದ್ದಲಿಲ್ಲ. ಅವಳಿಗೆ ಎರಡು ಕನ್ನಡಗಳೂ ಬರುವುವು, ನಮಗೆ ಒಂದೇ ಬರುವುದೆಂದು ಅಂದು ಉಳಿದವರಿಗೆ ತಿಳಿಹೇಳಿದೆನು.

ಬಂಟವಾಳದ ಕೊಂಕಣಿ ಮನೆಗೂ, ಮಡಿಕೇರಿಯ ಕೊಡವ ಹುಡುಗನಿಗೂ, ಮಳವಳ್ಳಿಯ ಕನ್ನಡ ಹುಡುಗಿಗೂ ಇರುವ ಸಂಬಂಧವು ಇದೇ. ಮನೆಯ ನುಡಿಗೂ ಪುಸ್ತಕದ ನುಡಿಗೂ ನಡುವೆ ಒಂದು ಹೊಳೆಯಿದೆ. ಬೆತ್ತದಿಂದಲೂ ಗೇಲಿಯಿಂದಲೂ ಅದನ್ನು ದಾಟಿಸಲು ಹೋದರೆ ಮಗು ಈಚೆಯ ದಡದಲ್ಲಿಯೇ ಕುಳಿತುಬಿಡುವುದು. ಹಾಡು ಅದಕ್ಕೆ ಹರಿಗೋಲು. ಮಂಗೇಶರಾಯರು ಆಯುಷ್ಯವೆಲ್ಲ ನಡೆಸಿದುದು ಆ ಹರಿಗೋಲನ್ನು.

ಹಾಗೆಂದು ಸಿಕ್ಕಿದ ಹಾಡನ್ನೆಲ್ಲ ಪಾಠದಲ್ಲಿ ಹಾಡಿಸುವುದಿಲ್ಲ. ಹುಡುಗಿಯರಿಗೆ ಪ್ರಿಯವಾದ ಚಲನಚಿತ್ರದ ಹಾಡುಗಳನ್ನೂ ನಾವು ಹೊರಗಿಟ್ಟಿಲ್ಲ, ಆದರೆ ಆರಿಸುತ್ತೇವೆ. ನಮ್ಮ ಜಿಲ್ಲೆಯ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ಮೈಸೂರ ಮಲ್ಲಿಗೆಯು ೧೯೪೨ರಲ್ಲಿ ಪುಸ್ತಕವಾಗಿ ಬಂದು, ೧೯೯೨ರಲ್ಲಿ ಅದೇ ಹೆಸರಿನ ಚಲನಚಿತ್ರದ ಮೂಲಕ ಮತ್ತೊಮ್ಮೆ ಮನೆಮನೆಯನ್ನು ಹೊಕ್ಕಿತು. ಇಂಥ ಹಾಡನ್ನು ಮೊದಲು ಬರಿದೆ ಕೇಳಿಸುವುದು. ಕೇಳಿದ ಪದಗಳನ್ನು ಹುಡುಗಿಯರೇ ಬರೆದುಕೊಳ್ಳುವುದು. ಬಳೆಗೂ ಬಾಳೆಗೂ, ಕತೆಗೂ ಕತ್ತೆಗೂ ಇರುವ ಮಾತ್ರೆಯ ಅಂತರವನ್ನು ರಾಗದಲ್ಲಿ ಗುರುತಿಸುವುದು. ತಿಳಿಯದ ಪದವನ್ನು ನಿಘಂಟಿನಲ್ಲಿ ಹುಡುಕುವುದು. ಕಡೆಗೆ ಅದೇ ನಡೆಯಲ್ಲಿ ತಮ್ಮ ಊರಿನ ಮೇಲೆ ನಾಲ್ಕು ಸಾಲುಗಳನ್ನು ಕಟ್ಟುವುದು. ಇದಕ್ಕೆ ವಾರದಲ್ಲಿ ಒಂದು ಪಾಠದ ಹೊತ್ತು ಸಾಕು. ಉಳಿದ ಹೊತ್ತುಗಳಲ್ಲಿ ವ್ಯಾಕರಣವೂ ಗದ್ಯವೂ ಪ್ರಬಂಧವೂ ಎಂದಿನಂತೆ ನಡೆಯುವುವು. ಶಬ್ದಮಣಿದರ್ಪಣವನ್ನು ಪರಿಷ್ಕರಿಸಿದ ಗುರುವಿನ ಹೆಸರು ಹೇಳಿ ವ್ಯಾಕರಣವನ್ನು ಬಿಟ್ಟುಬಿಡುವುದು ನ್ಯಾಯವಾಗಲಾರದು.

ಮಂಗೇಶರಾಯರ ಕಡೆಯ ವರ್ಷಗಳನ್ನು ಹೇಳಿ ಈ ಚರಿತ್ರೆಯನ್ನು ಮುಗಿಸುವೆನು. ೧೯೩೪ರಲ್ಲಿ ರಾಯಚೂರಿನಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ರಾಯಚೂರು ಆಗ ನಿಜಾಮರ ಆಳಿಕೆಗೆ ಸೇರಿದ ಊರು. ಕನ್ನಡಿಗರು ಹಲವು ರಾಜ್ಯಗಳಲ್ಲಿ ಹಂಚಿಹೋಗಿದ್ದ ದಿನಗಳವು. ಕರಾವಳಿಯಲ್ಲಿ ಹುಟ್ಟಿ ಕೊಡಗಿನಲ್ಲಿ ಪಾಠ ಹೇಳಿದ ಉಪಾಧ್ಯಾಯರೊಬ್ಬರು ನಿಜಾಮರ ಸೀಮೆಯ ಕನ್ನಡಿಗರ ನಡುವೆ ಆ ಗೌರವದ ಪೀಠದಲ್ಲಿ ಕುಳಿತರು. ಗಡಿಗಳು ಬೇರೆಯಾಗಿದ್ದರೂ ಹಾಡು ಎಲ್ಲ ಕಡೆಗೂ ಹೋಗಿದ್ದಿತು. ೧೯೩೭ರ ಅಕ್ಟೋಬರ್ ೨೪ರಂದು, ತಮ್ಮ ಅರುವತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ಹೈದರಾಬಾದಿನಲ್ಲಿ ತೀರಿಕೊಂಡರು. ಕನ್ನಡ ನಾಡು ಒಂದಾದುದು ಅದಾದ ಹತ್ತೊಂಬತ್ತು ವರ್ಷಗಳ ಮೇಲೆ, ೧೯೫೬ರಲ್ಲಿ.

ಅವರು ಹಾಡಿದ ಕಾವೇರಿಯು ಕೊಡಗಿನಿಂದ ಇಳಿದು ಕನ್ನಂಬಾಡಿಯಲ್ಲಿ ನಿಂತು, ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳಿಗೂ ಕಬ್ಬಿನ ತೋಟಗಳಿಗೂ ಬರುವುದು. ನಮ್ಮ ಸುಗ್ಗಿಗೂ ಹಾಡುಗಳುಂಟು; ರಾಗಿ ಬೀಸುವಾಗ, ನಾಟಿ ಹಾಕುವಾಗ, ಮದುವೆಯ ಹಸೆಯಲ್ಲಿ ಹಾಡಿದ ಪದಗಳುಂಟು. ಅವುಗಳಲ್ಲಿ ಬಹಳಷ್ಟು ತಮ್ಮ ತಾಯಂದಿರ ಮತ್ತು ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದಿವೆ. ಆದಕಾರಣ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನನ್ನದೊಂದು ಬಿನ್ನಹವಿದೆ. ತಮ್ಮ ಮನೆಯಲ್ಲಿ ಹಿರಿಯರು ಬಲ್ಲ ಒಂದು ಪದವನ್ನು, ಅವರು ನುಡಿಯುವ ರೀತಿಯಲ್ಲಿಯೇ, ಹಕಾರವು ಇಲ್ಲದಿದ್ದರೆ ಇಲ್ಲದಂತೆಯೇ, ಬರೆದು ಶಾಲೆಗೆ ಕಳುಹಿಸಿಕೊಡಬೇಕು. ಬರೆದವರ ಊರನ್ನೂ, ಯಾವ ಕೆಲಸದ ಹೊತ್ತಿನಲ್ಲಿ ಹಾಡುವರೆಂಬುದನ್ನೂ ಸೇರಿಸಿದರೆ ಒಳ್ಳೆಯದು. ಅವನ್ನೆಲ್ಲ ಒಂದು ಪುಸ್ತಕದಲ್ಲಿ ನಕಲು ಮಾಡಿಸಿ ಕನ್ನಡದ ತರಗತಿಯಲ್ಲಿಡುವೆವು. ಮುಂದಿನ ವರ್ಷ ಹಳ್ಳಿಯಿಂದ ಹೊಸದಾಗಿ ಬಂದು, ನುಡಿಯಲು ಅಂಜುವ ಹುಡುಗಿಯ ಕೈಗೆ ಮೊದಲ ದಿನ ಕೊಡುವ ಪುಸ್ತಕವು ಅದಾಗಿರಲಿ.